ಬಾಸಿಲಿಯಾಳ ಬೆನ್ನಿಗೆ ಬಿದ್ದ ನೀರು

ಎತ್ತರದ ಬೆಟ್ಟಸೀಮೆಯ ಒರೂರೊ ಊರಿನ ನಮ್ಮ ಓಣಿಯಲ್ಲಿ ಬ್ರೆಡ್ಡು ಸುಡುವ ಬಾಸಿಲಿಯಾ, ಬಟ್ಟೆ ಒಗೆಯುವ ತೋಮಾಸಾ ಇಬ್ಬರದೂ ಒಂದೇ ಅಂಗಳ. ಇವಳ ಒಲೆಯ ಹೊಗೆ ಅವಳು ಹರವಿದ ಕಂಬಳಿಗೆ ಮಸಿ ಬಳಿಯುತ್ತಿತ್ತು. ಅವಳು ಚೆಲ್ಲಿದ ಸಾಬೂನು ನೀರು ಇವಳ ಹೊಸ್ತಿಲಲ್ಲಿ ಹೆಪ್ಪುಗಟ್ಟಿ ಜಾರುತ್ತಿತ್ತು. ಬಾಸಿಲಿಯಾಳ ಬ್ರೆಡ್ಡನ್ನು ಸಂತೆಯಲ್ಲಿ ಮಾರುತ್ತಿದ್ದ ನನಗೆ ದಿನಾ ಬೆಳಗ್ಗೆ ಇವರ ಬೈಗುಳವೇ ಸುಪ್ರಭಾತ.

ಜೂನ್ ಅಂದರೆ ನಮ್ಮಲ್ಲಿ ಕೊರೆಯುವ ಚಳಿಗಾಲ; ಅಂಥ ಒಂದು ಬೆಳಗ್ಗೆ ಬಾಸಿಲಿಯಾ ಒಲೆಕೋಣೆಯಿಂದ ಅಂಗಳಕ್ಕೆ ಬಂದಳು. ಮುಖ ಕೆಂಡದಂತೆ ಕೆಂಪು, ರವಿಕೆ ಬೆವರಿನಲ್ಲಿ ತೊಯ್ದು ಮೈಗಂಟಿತ್ತು. ತೋಮಾಸಾ ಮಸಿ ಹತ್ತಿದ ಕಂಬಳಿ ಹಿಡಿದು ಕಾದೇ ಇದ್ದಳು.

"ಇದನ್ನ ನಿಮ್ಮಪ್ಪ ಬಂದು ಒಗೀತಾನೇನೇ?"

"ನಮ್ಮಪ್ಪ ಸತ್ತವ್ನೆ. ನೀನೇ ಒಗಿ, ಅದಕ್ಕೇ ಹುಟ್ಟಿರೋದು," ಎಂದು ಬಾಸಿಲಿಯಾ ಬೆನ್ನು ತಿರುಗಿಸಿದಳು.

ತೋಮಾಸಾ ಬಕೀಟು ಎತ್ತಿ, ಮೇಲೆ ತೇಲುತ್ತಿದ್ದ ಮಂಜುಗಡ್ಡೆಯ ಚೂರು ಸಮೇತ ಆ ಬೆನ್ನಿಗೆ ಎರಚಿದಳು.

ಬಾಸಿಲಿಯಾ ಕಿರುಚಲಿಲ್ಲ. ಕಿರುಚಲು ಉಸಿರೇ ಬರಲಿಲ್ಲ. ಒಮ್ಮೆ ಗಕ್ಕನೆ ಗಾಳಿ ಎಳೆದುಕೊಂಡಳು, ಎದೆ ಅಲ್ಲೇ ಕಚ್ಚಿಕೊಂಡಿತು. ಕೆಂಪಗಿದ್ದ ಮುಖ ಸುಣ್ಣದಂತಾಯಿತು, ತುಟಿ ನೀಲಿಗಟ್ಟಿತು, ಮೊಣಕಾಲು ಮಡಚಿ ಕುಸಿದಳು. ನಾನು ಒದ್ದೆ ಬಟ್ಟೆ ಕಿತ್ತು ನನ್ನ ಶಾಲು ಸುತ್ತಿದೆ. ಕೈಗೆ ಸಿಕ್ಕ ನಾಡಿ ಹಗ್ಗಕ್ಕೆ ಕಟ್ಟಿದ ಮೇಕೆಯಂತೆ ಒದ್ದಾಡುತ್ತಿತ್ತು.

ಬದುಕಿದಳು. ಆದರೆ ಎದೆಬಡಿತ ಆಗಾಗ ಎಡವುವುದು ಉಳಿಯಿತು.

ಓಣಿಯ ಹಿರಿಯ ಅನಿಸೆಟೊ ಇಬ್ಬರನ್ನೂ ಕೂರಿಸಿ ನ್ಯಾಯ ವಿಚಾರಿಸಿದ.

"ನೀರಿಗೆ ಯಾರಾದ್ರೂ ಸಾಯ್ತಾರಾ?" ತೋಮಾಸಾ ತನ್ನ ಬಿರುಕುಬಿಟ್ಟ ಕೈ ಚಾಚಿದಳು. "ದಿನಾ ಅದ್ರಲ್ಲೇ ಮುಳುಗ್ಸಿರ್ತೀನಿ. ನಾನ್ಯಾಕೆ ಸತ್ತಿಲ್ಲ?"

"ನಿಂದು ಮೊದ್ಲೇ ತಣ್ಣಗಿರೋ ಮೈ. ನನ್ನ ಒಲೆ ಮುಂದೆ ನಿಂತು ಬಾ, ಆಮೇಲೆ ಮಾತಾಡು," ಎಂದಳು ಬಾಸಿಲಿಯಾ.

ಹಟಮಾರಿ ತೋಮಾಸಾ ನಿಂತೇಬಿಟ್ಟಳು. ಬ್ರೆಡ್ಡು ಬೆಂದು ಹೊರಬರುವಷ್ಟು ಹೊತ್ತು ಬೆವರಿ, ಅಂಗಳಕ್ಕೆ ಬಂದಾಗ ಕಾಲು ತೂರಾಡುತ್ತಿದ್ದವು. ಬಾಸಿಲಿಯಾ ಬಕೀಟಿನ ಮುಂದೆ ಕಾದಿದ್ದಳು.

"ಸುರೀ, ಏನ್ ನೋಡ್ತೀಯ?"

ಬಾಸಿಲಿಯಾ ಸುರಿಯಲಿಲ್ಲ. ಒಂದೇ ಒಂದು ಬೊಗಸೆ ತೆಗೆದು ಅವಳ ಕತ್ತಿಗೆ ಚೆಲ್ಲಿದಳು. ತೋಮಾಸಾಳ ಭುಜ ಕಿವಿಗೆ ತಾಗಿತು, ಬಾಯಿ ತೆರೆಯಿತು, ಬೈಗುಳ ಗಂಟಲಲ್ಲೇ ಸಿಕ್ಕಿಕೊಂಡಿತು.

"ಬೊಗಸೆಗೇ ಹಿಂಗಾ?" ಎಂದಳು ಬಾಸಿಲಿಯಾ.

ಉಸಿರು ತಿರುಗಿದ ಮೇಲೆ ತೋಮಾಸಾ ಕ್ಷಮೆ ಕೇಳಲಿಲ್ಲ. ನೆಲಕ್ಕೆ ಉಗಿದು ಒಳಗೆ ಹೋದಳು. ಅನಿಸೆಟೊ ಅಂಗಳದ ನಡುವೆ ಗೋಡೆ ಎಬ್ಬಿಸಿದ. ಆಮೇಲೆ ಅವರು ಗೋಡೆಯಾಚೆಯಿಂದಲೇ ಬೈದುಕೊಂಡರು.

ಕೆಲವು ವರ್ಷಕ್ಕೆ ತೋಮಾಸಾ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಳು. ಸತ್ತವರ ಹೆಸರಲ್ಲಿ ಬ್ರೆಡ್ಡಿನ ಗೊಂಬೆ ಎಡೆಯಿಡುವ ಹಬ್ಬದ ಮುಂಚೆ ಅವಳ ಮಗಳು ಬಂದು, ಅಮ್ಮನ ಎಡೆಗೆ ಒಂದು ಗೊಂಬೆ ಸುಟ್ಟುಕೊಡಿ ಎಂದು ಕೇಳಿದಳು. ಬಾಸಿಲಿಯಾ ತಲೆ ಎತ್ತದೆ ಹಿಟ್ಟು ನಾದುತ್ತಿದ್ದಳು.

"ಬೇರೆ ಒಲೆ ನೋಡ್ಕೋ."

ಹುಡುಗಿ ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ: "ಸತ್ತೋಳ ಮೇಲೂ ಹಗೆನಾ, ಅಕ್ಕಾ?"

"ಸತ್ತಿರೋದು ಅವಳು ಕಣೆ. ನಾನಿನ್ನೂ ಸತ್ತಿಲ್ಲ."