ಅರುಂಧತಿಯವರ ಮಾತ್ರೆ ಮರ್ಯಾದೆ

ಉಪ್ಪಿಲ್ಲದ ಸಾರನ್ನೂ “ಬಹಳ ರುಚಿಯಾಗಿದೆ ಕಣ್ರೀ” ಎಂದು ಹೊಗಳಿ, ಎರಡನೇ ಸಲ ಬಡಿಸಿಕೊಳ್ಳುವವರು ಗ್ಲೆನ್ ವೇವರ್ಲಿಯ ಅರುಂಧತಿ. ಮೈಸೂರಿನಲ್ಲಿ ಕಲಿತ ಮರ್ಯಾದೆ, ಮೆಲ್ಬರ್ನ್‌ನ ಚಳಿಗೂ ಮುದುಡಿರಲಿಲ್ಲ.

ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಲೆ ಅವರಿಗೆ ಮಂಕು ಕವಿಯಿತು. ಸ್ನಾನ ಬೇಡ, ಫೋನು ಬೇಡ, ಹಾಸಿಗೆಯಿಂದ ಏಳುವುದೇ ಬೇಡ. ಡಾಕ್ಟರು ಡಿಪ್ರೆಶನ್ ಎಂದರು. ಹೊಸ ಮಾತ್ರೆಯೊಂದರ ಪರೀಕ್ಷೆ ನಡೆಯುತ್ತಿದೆ. ಅರ್ಧ ಜನಕ್ಕೆ ನಿಜವಾದ ಔಷಧ, ಉಳಿದವರಿಗೆ ಬರೀ ಸಕ್ಕರೆ. ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿರುವುದಿಲ್ಲ ಎಂದರು. ಅರುಂಧತಿ ಸೇರಿಕೊಂಡರು.

ಅಲ್ಲಿ ಹೋಗಿ ನೋಡಿದರೆ, ಪರೀಕ್ಷೆ ನಡೆಸುವ ಡಾಕ್ಟರೇ ನಮ್ಮವಳು, ಸಂಯುಕ್ತಾ ಅಂತ! ಸಿಡ್ನಿಯ ಟೂಂಗಾಬಿಯಲ್ಲಿ ಬೆಳೆದ ಕನ್ನಡದ ಹುಡುಗಿ. ಮಾತ್ರೆ ಶುರುವಾಗಿ ಕೆಲವು ವಾರಕ್ಕೆ ಕರೆಸಿ ಕೇಳಿದಳು:

“ಹೇಗಿದೀರಾ ಆಂಟಿ? ಟ್ಯಾಬ್ಲೆಟ್ ಹೆಲ್ಪ್ ಆಗ್ತಿದೆಯಾ?”

ಕಣ್ಣರಳಿಸಿಕೊಂಡು ಕೇಳುವ ನಮ್ಮ ಹುಡುಗಿಗೆ, ಅವಳದೇ ಮಾತ್ರೆಯ ಬಗ್ಗೆ ಕೆಟ್ಟದ್ದು ಹೇಳುವುದುಂಟೆ?

“ತುಂಬಾ ಚೆನ್ನಾಗಿದೆ ಕಣಮ್ಮ.”

ನಿದ್ದೆ? “ಸೊಗಸಾಗಿ ಬರ್ತಿದೆ.” ಹಸಿವು? “ಅದಕ್ಕೇನು!” ಮನೆಗೆ ಬಂದು ಮತ್ತೆ ಮುಸುಕೆಳೆದು ಮಲಗಿದರು.

ಅಲ್ಲಿ ಹೇಳಿಬಂದದ್ದನ್ನು ಕೇಳಿ, ಹೆಸರಿನಲ್ಲೇ ಸತ್ಯವಿದ್ದ ಗಂಡ ಸತ್ಯನಾರಾಯಣರಿಗೆ ತಡೆಯಲಾಗಲಿಲ್ಲ. “ಅಲ್ವೇ, ಯಾಕೆ ಸುಳ್ಳು ಹೇಳ್ದೆ?”

“ಪಾಪ, ಅಷ್ಟು ಓದಿರೋ ಹುಡುಗಿ ರೀ. ಬೇಜಾರಾಗಲ್ವಾ?”

“ನೀನು ಹೋಗ್ತಿರೋದು ಔಷಧಿಗೋ, ಅವಳ ಮನೆ ಊಟಕ್ಕೋ?”

ಪ್ರತಿ ಭೇಟಿಯಲ್ಲೂ ಇದೇ ಉಪಚಾರ. ಪರೀಕ್ಷೆ ಮುಗಿದ ದಿನ ದಂಪತಿ ಜೊತೆಗೇ ಹೋದರು. ಸಂಯುಕ್ತಾ ಗುಟ್ಟು ಬಿಚ್ಚಿದಳು.

“ಆಂಟಿ, ನಿಮ್ಮದು ಪ್ಲಸೀಬೋ! ಆದ್ರೂ ಎಲ್ಲರಿಗಿಂತ ಬೆಟರ್ ಆಗಿದೀರಾ. ನಿಮಗಿನ್ನು ಟ್ರೀಟ್‌ಮೆಂಟೇ ಬೇಡ!”

ಅಂತೂ ಮಾತ್ರೆಯಲ್ಲಿದ್ದದ್ದು ಸಕ್ಕರೆ ಮಾತ್ರ. ಅರುಂಧತಿ ಅಭ್ಯಾಸಬಲದಿಂದ “ತುಂಬಾ ಸಂತೋಷ” ಎಂದು ಎದ್ದು, ಕೈಚೀಲ ಹೆಗಲಿಗೇರಿಸಿ, ಬಾಗಿಲವರೆಗೂ ನಡೆದರು. ಆಚೆ ಹೋದರೆ ಹೇಗಿದೀರಾ ಎಂದು ಮತ್ತೆ ಕೇಳುವವರಿಲ್ಲ, ಔಷಧ ಕೊಡುವವರೂ ಇಲ್ಲ. ಕಾಲು ಮುಂದೆ ಹೋಗಲಿಲ್ಲ.

“ಸಂಯುಕ್ತಾ, ನಂಗೇನೂ ವಾಸಿಯಾಗಿಲ್ಲಮ್ಮ. ಬೆಳಗಾಯ್ತಲ್ಲಾ ಅಂತ ಸಂಕಟ ಆಗುತ್ತೆ. ಮೊದಲಿಂದ್ಲೂ ಹಾಗೇ. ನಿಂಗೆ ಬೇಜಾರಾಗುತ್ತೆ ಅಂತ…”

ಸಂಯುಕ್ತಾ ಮುಚ್ಚಿಟ್ಟಿದ್ದ ಫೈಲನ್ನು ಮತ್ತೆ ಬಿಚ್ಚಿದಳು. “ಅಯ್ಯೋ ಆಂಟಿ! ನನ್ನ ಬೆಸ್ಟ್ ರಿಸಲ್ಟೇ ನೀವು!”

“ಸಾರಿ ಕಣಮ್ಮ.”

ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದು ಹೇಳಿದಳು: “ಕೂತ್ಕೊಳ್ಳಿ. ನಿಜವಾದ ಟ್ರೀಟ್‌ಮೆಂಟ್ ಈಗ ಪ್ಲಾನ್ ಮಾಡೋಣ. ಈ ಸಲ ನಂಗೆ ಬೇಜಾರಾಗೋ ಹಾಗೇ ಮಾತಾಡ್ಬೇಕು, ಆಯ್ತಾ?”

ಅರುಂಧತಿ ಕೂತು, ಸ್ವಲ್ಪ ಯೋಚಿಸಿದರು. “ಹಾಗಾದ್ರೆ ಹೇಳ್ತೀನಿ. ಈ ಕುರ್ಚಿ ತುಂಬಾ ಕೆಟ್ಟದಾಗಿದೆ, ಸೊಂಟ ಹಿಡ್ಕೊಳ್ಳುತ್ತೆ.”

ಅಲ್ಲಿಂದ ಶುರುವಾದ ದೂರುಗಳು ನಿದ್ದೆಯ ವಿಷಯಕ್ಕೆ ಬರುವ ಹೊತ್ತಿಗೆ, ಸತ್ಯನಾರಾಯಣರು ಕಾರಿನ ಪಾರ್ಕಿಂಗಿಗೆ ಇನ್ನಷ್ಟು ಹೊತ್ತಿನ ದುಡ್ಡು ಕಟ್ಟಲು ಎದ್ದು ಹೊರಟಿದ್ದರು.