ಅರ್ವೆಲ್ಲಾ ಮುಚ್ಚಿದ ಎರಡು ತೂತು

ಯೂಟಾದ ಮಿಲ್ ಹಾಲೋ ಊರಿನ ಶಾಲೆ ಅಕ್ಟೋಬರಿನಲ್ಲಿ ಜಿಂಕೆ ಬೇಟೆಗೆಂದು ರಜೆ ಕೊಡುತ್ತದೆ. ಕೊಡದಿದ್ದರೆ ಮಕ್ಕಳಿರಲಿ, ಮೇಷ್ಟ್ರುಗಳೂ ಬರುವುದಿಲ್ಲ. ಆ ಶಾಲೆಯ ಬಸ್ಸನ್ನು ಇಪ್ಪತ್ತೊಂಬತ್ತು ವರ್ಷ ಓಡಿಸಿದ ಅರ್ವೆಲ್ಲಾ ಸ್ಟಕಿಗೆ ವರ್ಷವೆಂದರೆ ಆ ನಾಲ್ಕು ದಿನ, ಮಿಕ್ಕಿದ್ದೆಲ್ಲ ಅದಕ್ಕೆ ಕಾಯುವ ಕಾಲ. ಗಂಡ ಲಮಾರ್ ಜೊತೆ ಬೆಟ್ಟ ಹತ್ತಿ, ಹಳ್ಳದಾಚೆಯ ಆಸ್ಪೆನ್ ಮರಗಳ ತೋಪಿನಲ್ಲಿ ಡೇರೆ ಹಾಕಿ, ನೆಲದ ಮೇಲೆ ಮಲಗಿ, ಬೆಳಿಗ್ಗೆ ಮಂಜು ಕೊಡವಿಕೊಂಡು ಏಳುವುದು. ಮೂವತ್ತೆಂಟು ವರ್ಷ ಹಾಗೇ ನಡೆಯಿತು.

ಆಮೇಲೆ ಲಮಾರನ ಸೊಂಟದ ಕೀಲುಗಳು ಕೈಕೊಟ್ಟವು. ಡಾಕ್ಟರು ಹೊಸ ಕೀಲು ಹಾಕಿದರು, ನೆಲದ ಮೇಲೆ ಮಲಗಕೂಡದೆಂದು ಕಟ್ಟಪ್ಪಣೆಯನ್ನೂ ಮಾಡಿದರು. ಅಂದಿನಿಂದ ಹೆಂಡತಿ ಕೈ ಕೊಡದೆ ಅವನು ಹಾಸಿಗೆಯಿಂದ ಎದ್ದದ್ದಿಲ್ಲ. ಅಡುಗೆಮನೆಯ ಒಂದು ಎತ್ತರದ ಕುರ್ಚಿಯಿಂದ ಮಾತ್ರ ತಾನಾಗಿ ಏಳುತ್ತಿದ್ದ. ಮೊದಲ ವರ್ಷ ಇಬ್ಬರೂ ಬೇಟೆಗೆ ಹೋಗಲಿಲ್ಲ. ಎರಡನೆಯ ವರ್ಷ ಜಗಳವಾಡಿ ಅವಳೊಬ್ಬಳನ್ನೇ ಕಳಿಸಿದ. ಅವಳು ಮಾರನೆಯ ದಿನವೇ ವಾಪಸು.

"ಯಾಕೇ ಬಂದುಬಿಟ್ಟೆ?"

"ಅಲ್ಲಿ ಗೊರಕೆ ಹೊಡೆಯೋರು ಯಾರೂ ಇರಲಿಲ್ಲ. ನಿದ್ದೆ ಬರಲಿಲ್ಲ ಕಣೋ."

ಲಮಾರ್ ನಗಲಿಲ್ಲ. "ಮುಂದಿನ ವರ್ಷನೂ ಆಗದಿದ್ರೆ ಬಂದೂಕನ್ನ ತಮ್ಮನಿಗೆ ಕೊಟ್ಟುಬಿಡ್ತೀನಿ. ಆಮೇಲೆ ಈ ಮನೇಲಿ ಯಾರೂ ಆ ಬೆಟ್ಟದ ಮಾತೆತ್ತಬಾರದು," ಎಂದ. ಲಮಾರ್ ಸುಮ್ಮನೆ ಹೆದರಿಸುವ ಜಾತಿಯವನಲ್ಲ.

ನೆಲ ಬೇಡವೆಂದರೆ ಗಾಡಿಯಲ್ಲಿ ಮಲಗಿಸೋಣ ಎಂದುಕೊಂಡಳು ಅರ್ವೆಲ್ಲಾ. ಆದರೆ ಜೀಪಿನ ಹಿಂದೆ ಕಟ್ಟಿ ಒಯ್ಯಲು ಅಂಗಡಿಯಲ್ಲಿ ಸಿಗುವ ಮಲಗುವ ಗಾಡಿಗಳು ನೋಡಲಷ್ಟೇ ಮದುವಣಗಿತ್ತಿಯರು. ಆ ದಾರಿಯ ಮೊದಲ ಬಂಡೆಗೇ ಅವುಗಳ ಹೊಟ್ಟೆ ಹರಿಯುತ್ತದೆ. ಅರ್ವೆಲ್ಲಾಳ ಕಣ್ಣು ಬಿದ್ದದ್ದು ಪಕ್ಕದ ಮನೆಯ ಫೆರನ್‌ನ ಹಿತ್ತಿಲಿನ ಮೇಲೆ. ಫೆರನ್ ಇಪ್ಪತ್ತು ವರ್ಷ ಸೈನ್ಯದಲ್ಲಿದ್ದು ಬಂದವನು. ಸೈನ್ಯ ಬೇಡವೆಂದು ಹರಾಜು ಹಾಕಿದ್ದ ಒಂದು ಸಾಮಾನು ಗಾಡಿ ಅವನಲ್ಲಿತ್ತು. ಜೀಪಿನ ಹಿಂದೆ ಕಟ್ಟಿ ಎಳೆಯುವ, ಎರಡು ಚಕ್ರದ ಹಸಿರು ಕಬ್ಬಿಣದ ತೊಟ್ಟಿ. ಸೌದೆ ಹೊರುತ್ತಾ ಬಿದ್ದಿತ್ತು. ಅವಳು ಸಕ್ಕರೆ ಪಾಕದಲ್ಲಿ ಹಾಕಿಟ್ಟ ಹನ್ನೆರಡು ಶೀಸೆ ಪೀಚ್ ಹಣ್ಣು ಕೊಟ್ಟು ಅದನ್ನು ಎಳೆದುಕೊಂಡು ಬಂದಳು.

ಇಡೀ ಬೇಸಿಗೆ ಅವಳ ಮನೆಯ ಅಂಗಳದಲ್ಲಿ ಬೆಸುಗೆಯ ಕಿಡಿ ಹಾರಿತು. ತೊಟ್ಟಿಯ ಮೇಲೆ ಉಕ್ಕಿನ ಚೌಕಟ್ಟು ನಿಲ್ಲಿಸಿ, ಹಲಗೆ ಹೊದಿಸಿ, ಪುಟ್ಟ ಕೋಣೆಯನ್ನೇ ಕಟ್ಟಿದಳು. ಹಳೇ ಸ್ಪ್ರಿಂಗು ಬದಲಾಯಿಸಿ, ಜೀಪಿನದೇ ಅಳತೆಯ ಚಕ್ರ ಹಾಕಿದಳು. ಅವಳು ಓಡಿಸುತ್ತಿದ್ದ ಬಸ್ಸು ಗುಜರಿಗೆ ಹೋಗಿತ್ತು. ಅಲ್ಲಿಂದ ಎರಡು ಕಿಟಕಿ ಕಿತ್ತು ತಂದು ಕೂರಿಸಿದಳು. ಪಕ್ಕಕ್ಕೆ ಬಾಗಿಲು, ನಾಲ್ಕಂಗುಲದ ಹೊಸ್ತಿಲು, ಸುತ್ತ ರಬ್ಬರ್ ಪಟ್ಟಿ, ಕೆಳಗೆ ಮಡಚಬಹುದಾದ ಅಗಲವಾದ ಮೆಟ್ಟಿಲು. ಎಲ್ಲಕ್ಕಿಂತ ಮೊದಲು ಒಂದು ಕೋಲನ್ನು ಅಡುಗೆಮನೆಯ ಆ ಕುರ್ಚಿಯಷ್ಟೇ ಎತ್ತರಕ್ಕೆ ಕತ್ತರಿಸಿಟ್ಟಿದ್ದಳು. ಮೆಟ್ಟಿಲಿನಿಂದ ಹಾಸಿಗೆಯಂಚಿಗೆ ಕೋಲು ಸರಿಯಾಗಿ ಕೂರುವವರೆಗೆ ಅವಳಿಗೆ ಸಮಾಧಾನವಿರಲಿಲ್ಲ.

ತೊಟ್ಟಿಯ ತಳದಲ್ಲಿ ಎರಡು ತೂತುಗಳಿದ್ದವು, ಅವಕ್ಕೆ ಹಿತ್ತಾಳೆಯ ಬಿರಡೆಗಳು. ಬಿರಡೆಯ ತಿರುಪು ಸವೆದು ಕೆಂಪು ಧೂಳು ಒಳಗೆ ನುಗ್ಗುತ್ತಿತ್ತು. ಅವಳು ಬಿರಡೆ ಕಿತ್ತೆಸೆದು, ಒಳಗಿನಿಂದ ತಗಡಿಟ್ಟು ಬೆಸೆದುಬಿಟ್ಟಳು.

ಫೆರನ್ ಬಗ್ಗಿ ನೋಡಿದ. "ಏನ್ ಡ್ರೈವರಮ್ಮ, ಸೈನ್ಯದೋರೇನು ಕತ್ತೆಗಳಾ? ಕೆಲಸವಿಲ್ಲದೆ ತೂತು ಕೊರೆದಿದ್ರಾ?"

"ಸೈನ್ಯದೋರು ಇದರಲ್ಲಿ ಮದ್ದುಗುಂಡು ಮಲಗಿಸ್ತಿದ್ರು. ನಾನು ಗಂಡನ್ನ ಮಲಗಿಸ್ತೀನಿ. ಮದ್ದುಗುಂಡು ಕೆಮ್ಮಲ್ಲ."

"ಬೇಡ ಮಾರಾಯ್ತಿ, ಹಳ್ಳದಲ್ಲಿ ಅದು ಬೇಕಾಗುತ್ತೆ..."

"ನಿನಗೆ ಪೀಚ್ ಕೊಟ್ಟಾಯ್ತಲ್ಲ? ಇನ್ನು ಗಾಡಿ ನಂದು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳ ಹತ್ತಿರ ವಾದವೇನು? ಫೆರನ್ ತಲೆ ಕೊಡವಿ, ನೆಲದಲ್ಲಿ ಬಿದ್ದಿದ್ದ ಬಿರಡೆಗಳನ್ನು ಜೇಬಿಗೆ ಹಾಕಿಕೊಂಡು ಹೋದ.

ಬೇಟೆಯ ಹಿಂದಿನ ದಿನ ಮಧ್ಯಾಹ್ನ ಅವರು ಹಳ್ಳದ ದಡಕ್ಕೆ ಬಂದರು. ಮುಂದೆ ಅರ್ವೆಲ್ಲಾಳ ಜೀಪು, ಅದರಲ್ಲಿ ಅವಳ ಪಕ್ಕ ಲಮಾರ್, ಅದರ ಬೆನ್ನಿಗೆ ಗಾಡಿ, ಹಿಂದೆ ಟ್ರಕ್ಕಿನಲ್ಲಿ ಫೆರನ್. ಅರ್ವೆಲ್ಲಾ ಇಳಿದು ಕೋಲು ಹಾಕಿ ನೋಡಿದಳು. ಮಂಡಿಯುದ್ದ. ಇಷ್ಟು ವರ್ಷ ಮಕ್ಕಳನ್ನು ಹೊತ್ತವಳು, ನೀರನ್ನು ಅಳೆಯದೆ ಇಳಿಯುವವಳಲ್ಲ. ಆದರೆ ಬೇಸಿಗೆಯ ಗುಡುಗುಮಳೆಗೆ ಬಂದ ನೆರೆ ಹಳ್ಳದ ನಡುವೆ ಹೊಸದಾಗಿ ಗುಂಡಿ ಕೊರೆದಿದ್ದು ಅವಳ ಕೋಲಿಗೆ ಸಿಗಲಿಲ್ಲ.

ಜೀಪು ಗುಂಡಿ ದಾಟಿತು. ಗಾಡಿ ದಾಟಲಿಲ್ಲ, ತೇಲಿತು. ಒಂದು ಹನಿಯೂ ಒಳಬರದಂತೆ ಅಷ್ಟು ಚೆನ್ನಾಗಿ ಕಟ್ಟಿದ್ದಳು ಪುಣ್ಯಾತ್ಗಿತ್ತಿ! ಚಕ್ರಗಳು ನೆಲ ಬಿಟ್ಟವು, ಸೆಳವು ಗಾಡಿಯನ್ನು ಹರಿವಿನ ಕಡೆಗೆ ತಿರುಗಿಸಿತು, ಗಾಡಿ ಜೀಪಿನ ಹಿಂಭಾಗವನ್ನೂ ತನ್ನ ಜೊತೆ ಎಳೆಯತೊಡಗಿತು.

"ಬಿರಡೆ ತೆಗಿ! ನೀರು ತುಂಬಿದ್ರೆ ಕೂರುತ್ತೆ!" ಎಂದು ದಡದಿಂದ ಫೆರನ್ ಕೂಗಿದ.

"ಬೆಸೆದಿದ್ದೀನಲ್ಲೋ!" ಎಂದು ಇವಳು ಕೂಗಿದಳು.

ಫೆರನ್ ಅಂದ ಮಾತನ್ನು ಬರೆಯುವಂತಿಲ್ಲ. ಅರ್ವೆಲ್ಲಾ ಬ್ರೇಕು ಬಿಗಿದು, ಲಮಾರನಿಗೆ "ಅಲ್ಲಾಡಬೇಡ" ಎಂದು ಹೇಳಿ ತೊಡೆಮಟ್ಟದ ನೀರಿಗೆ ಇಳಿದಳು. ತೊಟ್ಟಿಯೊಳಗೆ ಸುರುಳಿ ಸುತ್ತಿದ ಹಾಸಿಗೆಯಿತ್ತು, ಅವಳ ತಾಯಿ ಹೊಲಿದ ಕೌದಿಯಿತ್ತು. ಅವು ನೆನೆದರೆ ಲಮಾರ್ ಇವತ್ತು ಮಲಗುವುದೆಲ್ಲಿ? ಈ ವರ್ಷವೂ ಹೋಯಿತೆಂದೇ ಅವಳಿಗೆ ಅನ್ನಿಸಿತು. ಆದರೂ ಬಾಗಿಲಿನ ಹಿಡಿಗೆ ಕೈ ಹಾಕಿದಳು. ಎರಡು ಸಲ ಎಳೆದರೂ ಬರಲಿಲ್ಲ. ಮೂರನೆಯ ಸಲಕ್ಕೆ ಬಾಗಿಲು ತೆರೆಯಿತು, ಕೆಂಪು ನೀರು ಹೊಸ್ತಿಲು ಹಾರಿ ಒಳನುಗ್ಗಿತು. ಗಾಡಿ ಮೆಲ್ಲಗೆ ಕೂತು ಚಕ್ರ ಊರಿತು. ಜೀಪು ಅದನ್ನು ಎಳೆದು ದಡಕ್ಕೆ ಹಾಕಿತು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರೆ. ಅರ್ವೆಲ್ಲಾಳಿಗೆ ಹಂಗು ಶುರುವಾದದ್ದೇ ದಾಟಿದ ಮೇಲೆ. ಹೊಸ್ತಿಲಿನ ಒಳಗೆ ನಾಲ್ಕಂಗುಲ ನೀರು ಹಾಗೇ ನಿಂತಿತ್ತು. ಇಳಿದುಹೋಗಲು ತೂತೆಲ್ಲಿ? ಟ್ರಕ್ಕಿನಲ್ಲಿ ದಾಟಿ ಬಂದ ಫೆರನ್ ಕೊರೆಯುವ ಯಂತ್ರ ಹಿಡಿದು ಗಾಡಿಯಡಿ ತೂರಿದ. ಬಹಳ ಹೊತ್ತು ಕೊರೆದ.

"ಏನು ಬೆಸುಗೆ ಹಾಕಿದ್ದೀಯೇ ತಾಯಿ, ಟ್ಯಾಂಕಿಗೆ ಹಾಕೋ ಹಾಗೆ!" ಎನ್ನುವಷ್ಟರಲ್ಲಿ ತಗಡು ತೂತಾಗಿ ಕೆಸರು ನೀರು ಅವನ ಬಾಯಿಗೇ ಬಿತ್ತು. ಲಮಾರ್ ಜೀಪಿನೊಳಗೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಎರಡು ವರ್ಷದಿಂದ ಅವನು ಹಾಗೆ ನಕ್ಕಿರಲಿಲ್ಲ. ಫೆರನ್ ಮುಖ ಒರೆಸಿಕೊಂಡು, ಜೇಬಿನಿಂದ ಎರಡು ಹಿತ್ತಾಳೆ ಬಿರಡೆ ತೆಗೆದು ಅರ್ವೆಲ್ಲಾಳ ಕೈಗಿಟ್ಟ. "ಬೇಟೆ ಮುಗಿಸಿ ಊರಿಗೆ ಹೋದ್ಮೇಲೆ ಹಾಕ್ಕೊ. ಸೈನ್ಯದ ಸೊತ್ತು, ಕಳೀಬೇಡ."

"ನಿನ್ನ ಮಾತು ಕೇಳಬೇಕಿತ್ತು ಫೆರನ್," ಎಂದಳು ಅರ್ವೆಲ್ಲಾ. ಆ ಮಾತು ಅವಳ ಬಾಯಲ್ಲಿ ಬಂದದ್ದನ್ನು ಊರಿನಲ್ಲಿ ಇಂದಿಗೂ ಯಾರೂ ನಂಬುವುದಿಲ್ಲ.

ಬೇಟೆಗೆ ಬಂದ ಊರಿನವರು ತೋಪಿನಲ್ಲಿ ಹಾಕಿದ್ದ ಡೇರೆಗಳಿಗೆಲ್ಲ ಸುದ್ದಿ ಮುಟ್ಟಿತು. ಅರ್ವೆಲ್ಲಾ ಯಾರನ್ನೂ ಕೇಳಲಿಲ್ಲ, ಆದರೂ ಒಬ್ಬರು ಹಾಸಿಗೆ ತಂದರು, ಇನ್ನೊಬ್ಬರು ರಜಾಯಿ, ಫೆರನ್ ತನ್ನ ಸ್ಪಂಜಿನ ಮೆತ್ತೆ. ಅವಳು ಒಂದರ ಮೇಲೊಂದು ಹಾಸಿ ಕೋಲಿಟ್ಟು ಅಳೆದಳು. ಎರಡಂಗುಲ ಕಡಿಮೆ. ಅಕ್ಕಪಕ್ಕದವರು ಮತ್ತೊಂದು ಕಂಬಳಿ ಮಡಚಿ ಕೊಟ್ಟರು, ಆಮೇಲೆ ಇನ್ನೊಂದು. ಕೊನೆಗೆ ಕೋಲು ಸರಿಯಾಗಿ ಕೂತಿತು.

ಸಂಜೆ ಆಲೂಗಡ್ಡೆ ಬೇಯಿಸಿದ ದಪ್ಪ ಕಬ್ಬಿಣದ ಪಾತ್ರೆಯ ಮುಚ್ಚಳ ತೆಗೆಯುವ ಮೊದಲು ಎಲ್ಲರೂ ಟೋಪಿ ತೆಗೆದರು. ಪ್ರಾರ್ಥನೆ ಯಾವಾಗಲೂ ಲಮಾರನದು. ಮೂವತ್ತೆಂಟು ವರ್ಷ ಅದೇ ನಾಲ್ಕು ಮಾತು. ಈ ಸಲ ಐದನೆಯದು ಸೇರಿತು: "ತಂದೇ, ನನ್ನ ಹೆಂಡತಿ ಗಟ್ಟಿಯಾಗಿ ಬೆಸೀತಾಳೆ, ಅದಕ್ಕೆ ಥ್ಯಾಂಕ್ಸ್. ಅದನ್ನ ಕೊರೆಯೋಕೆ ಪಕ್ಕದ ಮನೇಲಿ ಒಬ್ಬನ್ನ ಇಟ್ಟಿದ್ದೀಯ, ಅದಕ್ಕೂ ಥ್ಯಾಂಕ್ಸ್. ಆಮೆನ್." ಆಲೂಗಡ್ಡೆ ತಣ್ಣಗಾಗುವಷ್ಟು ಹೊತ್ತು ಎಲ್ಲರೂ ನಕ್ಕರು.

ಬೆಳಗಾಯಿತು. ಅರ್ವೆಲ್ಲಾ ಎಂದಿನಂತೆ ಕಣ್ಣು ಬಿಡುವ ಮೊದಲೇ ಅವನನ್ನು ಎಬ್ಬಿಸಲು ಪಕ್ಕಕ್ಕೆ ಕೈ ಚಾಚಿದಳು. ಬರೀ ಕಂಬಳಿ ಸಿಕ್ಕಿತು. ಬಿದ್ದುಬಿಟ್ಟನೇ? ಬಸ್ಸಿನ ಕಿಟಕಿ ಸರಿಸಿ ನೋಡಿದಳು. ಲಮಾರ್ ಬೆಂಕಿ ಹೊತ್ತಿಸಿ, ಕೋಕೋ ಕಾಯಿಸುತ್ತಾ ನಿಂತಿದ್ದ.

"ಯಾರೋ ನಿನ್ನ ಎಬ್ಬಿಸಿದ್ದು?"

"ಯಾರೂ ಇಲ್ಲ."

"ಮತ್ತೆ ಹೇಗೆ ಎದ್ದೆ?"

"ಅಡುಗೆಮನೆ ಕುರ್ಚಿಯಿಂದ ಏಳೋ ಹಾಗೆ ಎದ್ದೆ ಕಣೇ."

ಅವಳು ಬಾಗಿಲು ತೆರೆದಳು. ಲಮಾರ್ ನಿಧಾನವಾಗಿ ಮೆಟ್ಟಿಲ ಹತ್ತಿರ ಬಂದು ಕೈ ಚಾಚಿದ. "ಏಳು, ಕೈ ಕೊಡು. ಇಳಿಸ್ತೀನಿ."

ಅರ್ವೆಲ್ಲಾಳ ಕಾಲಿಗೆ ಏನೂ ಆಗಿರಲಿಲ್ಲ. ಆದರೂ ಕೈ ಕೊಟ್ಟಳು.