ಗಾಜಿಗೆ ಸಿಕ್ಕಿಸಿದ ಫಿಲ್ಮ್

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಜೀಪಿನ ಡ್ರೈವರ್, ಹೊರಡುವ ಮುನ್ನ ಎಡಗೈಯಿಂದ ಗೇರ್ ಕಡ್ಡಿಯ ಗುಂಡು ಒರೆಸಿ, “ಏನಾಗಂಗಿಲ್ಲ, ಕೂಡ್ರಿ” ಎನ್ನುತ್ತಿದ್ದ. ಎಷ್ಟು ಜನ ತುಂಬಿದರೂ ಅದೇ ಮಾತು.

ಆ ಬೇಸಿಗೆಯಲ್ಲಿ ಬಿಸಿಲು ತಡೆಯಲೆಂದು ತನ್ನದೇ ತಲೆಯ ಎಂ.ಆರ್.ಐ. ಫಿಲ್ಮನ್ನು ಮುಂದಿನ ಗಾಜಿಗೆ ಸಿಕ್ಕಿಸಿದ್ದ. ಬೆಳಕಿಗೆ ಮಿದುಳು ಕಾಣುತ್ತಿತ್ತು. ಅಲ್ಲಲ್ಲಿ ಬಿಳಿ ಮಚ್ಚೆ, ನಡುವೆ ಸಾಸಿವೆಯಂಥ ಕರಿ ಚುಕ್ಕೆಗಳು.

“ಇದೇನಪಾ?” ಎಂದೆ ಒಂದು ದಿನ, ಅವನ ಪಕ್ಕದ ಸೀಟಿನಲ್ಲಿ ಕೂತು.

“ಸಣ್ಣ ರಕ್ತನಾಳ ಹಾಳಾಗ್ಯಾವಂತ್ರಿ ಸರ್. ಕರಿ ಚುಕ್ಕಿ ಇದ್ದಲ್ಲಿ ರಕ್ತ ಜಿನುಗ್ಯಾದಂತ. ಮುಂದ ದೊಡ್ಡದಾಗಿ ಒಡೀಬಹುದು, ಬಿ.ಪಿ. ಗುಳಿಗಿ ತಪ್ಪಸಬ್ಯಾಡ, ಸ್ಟೇರಿಂಗ್ ಹಿಡೀಬ್ಯಾಡ ಅಂದಾರ ಡಾಕ್ಟರ್.”

“ಮತ್ತ ಹಿಡದೀಯಲ್ಲೋ ಯಪ್ಪಾ!” ಎಂದಳು ಹಿಂದೆ ಕೂತಿದ್ದ ಮುದುಕಿ.

“ತಲಿ ಕೆಟ್ಟರೂ ಫಿಲ್ಮ್ ಕೆಲಸಕ್ಕ ಬಂತಲ್ಲವ್ವಾ. ಏನಾಗಂಗಿಲ್ಲ, ಕೂಡ್ರಿ.”

ಎಲ್ಲರೂ ನಕ್ಕೆವು.

ಅಂದೇ ಕಮಲಾಪುರದ ಹತ್ತಿರದ ಇಳಿಜಾರಿನಲ್ಲಿ ಅವನ ಎಡಗೈ ಗೇರಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಬಾಯಿ ಸೊಟ್ಟಗಾಯಿತು. ಜೀಪು ಎದುರಿನ ಲಾರಿಯ ಕಡೆಗೆ ಎಳೆಯಿತು. ಬಲಗೈಯೊಂದರಿಂದಲೇ ಸ್ಟೇರಿಂಗ್ ಹೊರಳಿಸಿ, ಕಟಾವಾದ ತೊಗರಿ ಹೊಲಕ್ಕೆ ನುಗ್ಗಿಸಿ ನಿಲ್ಲಿಸಿದ. ನಮಗಾರಿಗೂ ಪೆಟ್ಟಾಗಲಿಲ್ಲ.

ಅವನು ಗಾಜಿನತ್ತ ಬಲಗೈ ಚಾಚಿ ತೊದಲಿದ. “ಫಿಲ್ಮ್ ತಗೀರಿ ಸರ್... ಡಾಕ್ಟರಿಗಿ ತೋರಸ್ರಿ.”

ಅವನನ್ನು ಇನ್ನೊಂದು ಗಾಡಿಯಲ್ಲಿ ಹಾಕಿಕೊಂಡು ಕಲಬುರಗಿ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಬಿಸಿಲಿಗೆ ಬಾಗಿದ ಫಿಲ್ಮ್ ನನ್ನ ತೊಡೆಯ ಮೇಲಿತ್ತು. ಈಗಲೂ ಯಾವ ಗಾಡಿ ಹತ್ತಿದರೂ ನನ್ನ ಕಣ್ಣು ಮೊದಲು ಡ್ರೈವರನ ಎಡಗೈಗೆ ಹೋಗುತ್ತದೆ.